ಕಸೂತಿ ಮತ್ತು ಕೌದಿ: ಮನೆಯೊಳಗಿನ ಸೂಜಿಗೆಲಸ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕೂಡಿದ ಶರಣರ ನಾಮಾವಳಿಯನ್ನು ಓದುವವರಿಗೆ ಒಂದು ವಿಶೇಷವು ಕಣ್ಣಿಗೆ ಬೀಳದೆ ಇರದು. ಅನೇಕರ ಹೆಸರಿನೊಡನೆ ಅವರ ಕೈಗೆಲಸವೂ ಬೆರೆತುಹೋಗಿದೆ. ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ, ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯ, ಸೂಜಿಕಾಯಕದ ರಾಮಿತಂದೆ. ರಾಜಾಸ್ಥಾನಗಳಲ್ಲಿ ಬಿರುದುಗಳು ನಿಲ್ಲುವ ಸ್ಥಳದಲ್ಲಿ ಇಲ್ಲಿ ಬಿದಿರು, ಹಗ್ಗ, ಕದಿರು, ಮಗ್ಗ, ಸೂಜಿಗಳು ನಿಂತಿವೆ. ಇವುಗಳಲ್ಲಿ ಮಗ್ಗವೂ ಕದಿರೂ ಇಂದು ಬಹುತೇಕ ಮನೆಗಳಿಂದ ಹೊರಟುಹೋಗಿವೆ. ಸೂಜಿಯೊಂದು ಮಾತ್ರ ಎಲ್ಲರ ಮನೆಯಲ್ಲಿಯೂ ಉಳಿದಿದೆ. ಆದರೆ ಹರಿದ ಗುಂಡಿಯನ್ನು ಹಚ್ಚುವುದರ ಹೊರತು ಅದಕ್ಕೆ ಬೇರೆ ಕೆಲಸವಿಲ್ಲದಂತಾಗಿದೆ.

ಮನೆಯವರಿಗಾಗಿ ಮನೆಯಲ್ಲಿಯೇ ಮಾಡುವ ಅಲಂಕಾರದ ಕೆಲಸವು ಕಾಯಕವೆನಿಸುವುದೇ ಎಂಬ ಪ್ರಶ್ನೆಯನ್ನು ಕೆಲವರು ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದೇ. ಕಾಯಕವೆಂದರೆ ಸತ್ಯಶುದ್ಧವಾದ ಜೀವನೋಪಾಯ. ಅದರಿಂದ ಬಂದುದು ತನ್ನ ಒಡಲಿಗೆ ಮಾತ್ರವಲ್ಲದೆ ದಾಸೋಹಕ್ಕೂ ಸಲ್ಲಬೇಕು. ಮೊಮ್ಮಗನ ಕುಲಾವಿಗೆ ಅಜ್ಜಿಯು ಹಾಕಿದ ನವಿಲಿಗೆ ಯಾರೂ ಕೂಲಿ ಕೊಡುವುದಿಲ್ಲ, ಅದರಿಂದ ಯಾವ ಜಂಗಮನ ಹಸಿವೂ ಹಿಂಗುವುದಿಲ್ಲ. ಆದುದರಿಂದ ಬಿಡುವಿನ ಪ್ರತಿಯೊಂದು ಕೆಲಸಕ್ಕೂ ಕಾಯಕವೆಂಬ ದೊಡ್ಡ ಹೆಸರನ್ನು ಅಂಟಿಸುವ ಚಪಲವು ಒಳ್ಳೆಯದಲ್ಲ. ಹಾಗೆಂದು ಅದನ್ನು ವ್ಯರ್ಥ ಕಾಲಹರಣವೆಂದು ತಳ್ಳುವುದೂ ಸರಿಯಲ್ಲ. ಕೈಗೆ ನಿಷ್ಠೆಯನ್ನು ಕಲಿಸುವ ಕೆಲಸ ಯಾವುದೇ ಇರಲಿ, ಅದು ಕಾಯಕದ ನೆರೆಮನೆಯಲ್ಲಿರುವುದು. ಹೇಗೆಂಬುದನ್ನು ಕಸೂತಿಯ ಹೊಲಿಗೆಯನ್ನೇ ಬಿಡಿಸಿ ನೋಡಿದರೆ ತಿಳಿದೀತು.

ಕಸೂತಿಯ ತವರು ಧಾರವಾಡ ಮತ್ತು ಅದರ ಸುತ್ತಣ ನಾಡು. ಇಳಕಲ್ಲಿನ ಸೀರೆಯ ಸೆರಗು ಮತ್ತು ಒಡಲು, ಗುಳೇದಗುಡ್ಡದ ಖಣದ ಕುಪ್ಪಸ, ಕೂಸಿನ ಕುಲಾವಿ, ಕುಂಚಿಗೆ ಇವು ಅದರ ಪ್ರಾಚೀನ ಕ್ಷೇತ್ರಗಳು. ಮದುವಣಗಿತ್ತಿಯ ಕರಿಯ ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಬಿಳಿ, ಹಳದಿ, ಹಸಿರು ದಾರಗಳ ಕಸೂತಿಯು ನಕ್ಷತ್ರಗಳಂತೆ ಹೊಳೆಯುತ್ತಿತ್ತು. ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ನಂದಿ, ನವಿಲು, ಗಿಳಿ, ತೊಟ್ಟಿಲು, ಕಮಲ, ದೀಪ—ಹಳ್ಳಿಯ ಹೆಣ್ಣುಮಗಳು ಜಾತ್ರೆಯಲ್ಲಿ, ಗುಡಿಯಲ್ಲಿ, ತನ್ನ ಮನೆಯ ಅಂಗಳದಲ್ಲಿ ಏನನ್ನು ಕಂಡಳೋ ಅದೇ ಸೆರಗಿಗೆ ಬಂದಿತು. ಸೆರಗಿನ ಬಳಿ ದೊಡ್ಡ ಗೋಪುರವೋ ತೇರೋ ಇದ್ದು, ದೂರ ಸರಿದಂತೆಲ್ಲ ಆಕೃತಿಗಳು ಚಿಕ್ಕವಾಗುತ್ತ ಕಡೆಗೆ ಬರಿಯ ಚಿಕ್ಕಿಗಳಾಗುವವು.

ಈ ಕಲೆಯಲ್ಲಿ ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುವುದೇ ಇಲ್ಲಿಯ ವಿದ್ಯೆ. ದಾರಕ್ಕೆ ಗಂಟು ಹಾಕುವುದೂ ಇಲ್ಲ. ದಾರದ ಮೊದಲ ತುದಿಯನ್ನು ಎರಡು ಮೂರು ಕಿರಿಯ ಹೊಲಿಗೆಗಳಲ್ಲಿ ಹಿಂದೆ ಮುಂದೆ ಓಡಿಸಿ ಬಟ್ಟೆಯಲ್ಲಿಯೇ ಅಡಗಿಸುವರು. ಕಡೆಯ ತುದಿಯೂ ಹಾಗೆಯೇ. ಹೊಲಿಗೆಗಳು ನಾಲ್ಕು ಬಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ.

ಮೊದಲು ಕಲಿಯಬೇಕಾದುದು ಗವಂತಿ. ಸೂಜಿಯು ನಾಲ್ಕು ಎಳೆಗಳ ಮೇಲೆ ಹೋಗಿ, ಮುಂದಿನ ನಾಲ್ಕು ಎಳೆಗಳ ಕೆಳಗೆ ನುಸುಳಿ, ಮತ್ತೆ ನಾಲ್ಕರ ಮೇಲೆ ಬರುವುದು. ಹೀಗೆ ಕೊನೆಯವರೆಗೆ ನಡೆದಾಗ ಬಟ್ಟೆಯ ಮೇಲೆ ಬಿಟ್ಟು ಬಿಟ್ಟು ಬಿದ್ದ ಒಂದು ಗೆರೆ ಮಾತ್ರ ಕಾಣುವುದು. ಅಲ್ಲಿಂದ ದಾರವು ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಹೋಗುವಾಗ ಖಾಲಿ ಬಿಟ್ಟ ಎಡೆಗಳನ್ನು ಬರುವಾಗ ಅದೇ ರಂಧ್ರಗಳಲ್ಲಿ ಹಾಯ್ದು ತುಂಬಬೇಕು. ಆಗ ಗೆರೆಯು ಪೂರ್ಣವಾಗುವುದು. ಅಷ್ಟೇ ಅಲ್ಲ, ಬಟ್ಟೆಯನ್ನು ತಿರುವಿ ಹಾಕಿದರೆ ಹಿಂಬದಿಯಲ್ಲಿಯೂ ಅದೇ ಗೆರೆ ಅದೇ ಪೂರ್ಣತೆಯಿಂದ ಮೂಡಿರುವುದು. ಗವಂತಿಯನ್ನು ಅಡ್ಡ, ಉದ್ದ, ಓರೆ ಮೂರು ದಿಕ್ಕಿಗೂ ನಡೆಸಬಹುದು. ಇದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿದರೆ ಅದು ಮುರ್ಗಿ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನೇರವಾದ ಒಂದು ಗೆರೆಯಲ್ಲಿ ಹೋಗಿ ಬರುವುದು ಸುಲಭ. ಆದರೆ ತೇರಿಗೆ ಗಾಲಿಯಿದೆ, ಕಳಸವಿದೆ, ಇಕ್ಕೆಲಗಳಲ್ಲಿ ಪತಾಕೆಗಳಿವೆ. ಕವಲೊಡೆದ ಎಡೆಯಲ್ಲೆಲ್ಲ ದಾರವು ಆ ಕವಲಿನ ತುದಿಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಮೂಲದ ಗೆರೆಯನ್ನು ಕೂಡಿಕೊಂಡು ಮುಂದೆ ಸಾಗಬೇಕು. ಕಡೆಗೆ ಹೊರಟ ಬಿಂದುವಿಗೇ ಬಂದು ಸೇರಬೇಕು. ದಾರಿಯಲ್ಲಿ ಸಿಕ್ಕಿಕೊಂಡರೆ ಹಿಂಬದಿಯಲ್ಲಿ ಅಡ್ಡದಾರವೊಂದು ಬಿದ್ದು ಗುಟ್ಟನ್ನು ಹೊರಗೆಡಹುವುದು. ಆದುದರಿಂದ ಮೊದಲ ಹೊಲಿಗೆಯನ್ನು ಹಾಕುವ ಮುನ್ನವೇ ಇಡಿಯ ಪ್ರಯಾಣವು ಮನಸ್ಸಿನಲ್ಲಿ ಮುಗಿದಿರಬೇಕು. ಒಂದೇ ಒಂದು ಎಳೆ ಎಣಿಕೆ ತಪ್ಪಿದರೂ ಗೋಪುರವು ಓರೆಯಾಗಿ ನಿಲ್ಲುವುದು, ಅಷ್ಟನ್ನೂ ಬಿಚ್ಚದೆ ಗತ್ಯಂತರವಿಲ್ಲ. ಅಕ್ಷರ ಬಾರದವರೆಂದು ಲೋಕವು ಕಡೆಗಣಿಸಿದ ಅನೇಕ ತಾಯಂದಿರು ಈ ಗಣಿತವನ್ನು ಕಾಗದದ ಸಹಾಯವಿಲ್ಲದೆ, ಹಳೆಯ ಸೀರೆಯೊಂದನ್ನು ಮಾದರಿಯಾಗಿ ಮುಂದಿಟ್ಟುಕೊಂಡು ಮಾಡಿದರು. ಅಂತರಂಗ ಬಹಿರಂಗಗಳೆರಡೂ ಒಂದೇ ಆಗಿರಬೇಕೆಂಬ ಶರಣರ ಬೋಧೆಯನ್ನು ಪ್ರವಚನದಲ್ಲಿ ಕೇಳುವುದು ಒಂದು ಬಗೆ. ಯಾರೂ ನೋಡದ ಹಿಂಬದಿಗಾಗಿ ಒಂದು ಗೇಣು ಹೊಲಿಗೆಯನ್ನು ಬಿಚ್ಚಿ ಮತ್ತೆ ಹಾಕುವುದು ಇನ್ನೊಂದು ಬಗೆ.

ಉಳಿದೆರಡನ್ನು ಬೇಗ ಹೇಳಿ ಮುಗಿಸಬಹುದು. ನೇಯ್ಗೆಯಲ್ಲಿ ಉದ್ದ ಗಿಡ್ಡ ಹೊಲಿಗೆಗಳನ್ನು ಸಾಲುಸಾಲಾಗಿ ಒತ್ತಾಗಿ ಹಾಕುವುದರಿಂದ ಮಗ್ಗದಲ್ಲಿಯೇ ನೇಯ್ದಂತೆ ತೋರುವುದು. ಮೆಂತೆಯೆಂದರೆ ಕತ್ತರಿಯಾಕಾರದ ಚಿಕ್ಕ ಹೊಲಿಗೆ. ಮೆಂತ್ಯದ ಕಾಳುಗಳನ್ನು ಒತ್ತಿಟ್ಟಂತೆ ಕಾಣುವುದು. ಆಕೃತಿಗಳ ಒಳಗನ್ನು ತುಂಬಲು ಬಳಸುವ ಇದಕ್ಕೆ ದಾರವು ಹೆಚ್ಚು ಬೇಕು, ಹಿಂಬದಿಯೂ ಮುಂಬದಿಯಂತೆ ಇರುವುದಿಲ್ಲ.

ಹೊಸದಾಗಿ ಕಲಿಯುವ ಮಕ್ಕಳಿಗೆ ಎಳೆಗಳು ದಪ್ಪವಾಗಿ ಬಿಡಿಬಿಡಿಯಾಗಿ ಕಾಣುವ ಕೈಮಗ್ಗದ ಬಿಳಿಯ ಹತ್ತಿಬಟ್ಟೆಯೇ ಲೇಸು. ಇಂದು ದೊರೆಯುವ ಲಡಿಯ ದಾರದಲ್ಲಿ ಆರು ಎಳೆಗಳಿರುವವು. ಅದರಲ್ಲಿ ಒಂದನ್ನೋ ಎರಡನ್ನೋ ಬಿಡಿಸಿಕೊಳ್ಳಬೇಕು. ಬಟ್ಟೆಯ ಎಳೆ ಎಣಿಕೆಗೆ ಸಿಗದಷ್ಟು ನಯವಾಗಿದ್ದರೆ ಅದರ ಮೇಲೆ ಜಾಳಿಗೆಯಂಥ ಬಟ್ಟೆಯನ್ನು ಹೊಂದಿಸಿ, ಎರಡನ್ನೂ ಕೂಡಿಸಿ ಕಸೂತಿ ಹಾಕಿ, ತರುವಾಯ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು ರೂಢಿಯಲ್ಲಿದೆ. ಹಗಲು ಬೆಳಕಿನಲ್ಲಿ ಅರ್ಧ ತಾಸು ಸಾಕು. ಕಣ್ಣು ಬಳಲುವಷ್ಟು ಹೊತ್ತು ಮಕ್ಕಳನ್ನು ಕೂಡ್ರಿಸುವುದು ತರವಲ್ಲ. ಗಂಡುಮಕ್ಕಳಿಗೆ ಇದೇಕೆ ಎನ್ನುವವರು ರಾಮಿತಂದೆಯ ಹೆಸರನ್ನೊಮ್ಮೆ ನೆನೆದರೆ ಸಾಕು. ಮೊದಲ ಕೆಲಸಕ್ಕೆ ಸೀರೆಯ ಸೆರಗೇ ಬೇಕೆಂದಿಲ್ಲ. ವಚನದ ಪುಸ್ತಕವನ್ನು ಸುತ್ತಿಡುವ ಒಂದು ಚೌಕವು ಸಾಕು, ನಾಲ್ಕು ಅಂಚಿಗೆ ಮುರ್ಗಿಯ ಒಂದೊಂದು ಸಾಲು. ತಾಳೆಗರಿಯ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ ಮನೆಮನೆಗಳಲ್ಲಿ ಕಾಯ್ದಿಟ್ಟಿದ್ದ ಕಾಲವೊಂದಿತ್ತು. ಫ. ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಹುಡುಕಿ ತಂದುದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಕು ಕಂಡಿತು.

ಇನ್ನು ಕೌದಿಯ ವಿಚಾರ. ಕಸೂತಿಯು ಹೊಸ ಬಟ್ಟೆಯ ಕಲೆಯಾದರೆ ಕೌದಿಯು ಹಳೆಯ ಬಟ್ಟೆಯ ಕಲೆ. ಉಟ್ಟು ಸವೆದ ಸೀರೆ, ಧೋತರ, ಅಂಗಿಗಳನ್ನು ತೊಳೆದು ಒಣಗಿಸಿ, ಅಂಚುಗಳನ್ನು ಬೇರ್ಪಡಿಸಿಕೊಳ್ಳುವರು. ಗಟ್ಟಿಯಾಗಿ ಉಳಿದ ಸೀರೆಯು ಕೆಳಗಿನ ಹಾಸು. ಹರಿದ ತುಂಡುಗಳು ನಡುವೆ. ಬಣ್ಣ ಉಳಿಸಿಕೊಂಡ ಚೌಕ, ತ್ರಿಕೋಣದ ತುಂಡುಗಳು ಮೇಲೆ. ಅಂಚಿನಿಂದ ಹೊರಟ ಹೊಲಿಗೆಯು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಸೇರುವುದು. ಪದರಗಳು ಸರಿಯದಂತೆ ಸಾಲುಗಳು ಒತ್ತೊತ್ತಾಗಿರಬೇಕು. ಅವಸರ ಮಾಡಿದವಳ ಕೌದಿಯು ಎರಡನೆಯ ಒಗೆತಕ್ಕೆ ಒಳಗೊಳಗೆ ಗಂಟು ಕಟ್ಟುವುದು. ಹತ್ತಿಯೊಡನೆ ಹತ್ತಿಯನ್ನೇ ಕೂಡಿಸಬೇಕೆಂಬುದು ಹಿರಿಯರ ಕಟ್ಟಳೆ. ಹತ್ತಿಯು ನೀರಿಗೆ ಕುಗ್ಗುವಂತೆ ಇಂದಿನ ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಬೆವರನ್ನು ಹೀರುವುದೂ ಇಲ್ಲ. ಹುಟ್ಟಿದ ಕೂಸಿಗೆ ಅಜ್ಜಿಯ ಹಳೆಯ ಸೀರೆಯ ಚಿಕ್ಕ ಕೌದಿಯನ್ನೇ ಹಾಸುವ ರೂಢಿಯು ಬಡತನದಿಂದ ಹುಟ್ಟಿದ್ದೆಂದು ಭಾವಿಸಬಾರದು. ನೂರಾರು ಒಗೆತ ಕಂಡ ಹತ್ತಿಯಷ್ಟು ಮೃದುವಾದ ಹೊಸ ಬಟ್ಟೆಯನ್ನು ಯಾವ ಅಂಗಡಿಯವನೂ ಮಾರಲಾರ.

ಈ ಕಲೆಯು ಒಂದು ಸಮಾಜದ ಸೊತ್ತಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗಗಳ ಸಿದ್ದಿ ಸಮಾಜದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳ ವರ್ಣಸಂಯೋಜನೆಯು ಬೆರಗುಗೊಳಿಸುವಂಥದು. ನಾಲ್ಕು ಮೂಲೆಗಳಿಗೂ ಪದರಪದರವಾಗಿ ಮಡಿಸಿದ ತ್ರಿಕೋಣದ ‘ಫೂಲ’ಗಳನ್ನು ಹಚ್ಚದಿದ್ದರೆ ಕೌದಿಯು ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಹಾಗೆಯೇ ಮಲೆನಾಡಿನ ಸಾಗರ, ಸೊರಬಗಳ ಕಡೆ ದೀವರ ಮನೆಗಳ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿಯ ನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಚಿತ್ತಾರವನ್ನು ಬರೆಯುವರು. ಅಲ್ಲಿಯೂ ಎಳೆಯ ಲೆಕ್ಕವೇ ಪ್ರಧಾನ. ಬಾಗಿಲ ತೋರಣ, ಅಂಗಳದ ರಂಗವಲ್ಲಿಗಳು ಎಲ್ಲರಿಗೂ ಪರಿಚಿತವಾದುದರಿಂದ ಅವನ್ನಿಲ್ಲಿ ವಿಸ್ತರಿಸಬೇಕಾಗಿಲ್ಲ.

ಎಲ್ಲರೂ ತಮಗೆ ಬೇಕಾದುದನ್ನು ತಾವೇ ಹೊಲಿದುಕೊಳ್ಳಲಾರರು. ಕೊಳ್ಳುವವರೂ ಇರುವರು, ಕೊಳ್ಳಲೂಬೇಕು. ಕೊಳ್ಳುವಲ್ಲಿ ಮಾತ್ರ ಈ ಕೆಲಸವು ಪೂರ್ಣಾರ್ಥದಲ್ಲಿ ಕಾಯಕದ ಮಾತಾಗುವುದು; ಏಕೆಂದರೆ ಧಾರವಾಡ, ಹುಬ್ಬಳ್ಳಿಗಳ ಎಷ್ಟೋ ಹೆಣ್ಣುಮಕ್ಕಳಿಗೆ ಕಸೂತಿಯೇ ಕೂಳು. ತುಂಬು ಕೆಲಸದ ಒಂದು ಸೀರೆಗೆ ತಿಂಗಳುಗಟ್ಟಲೆ ಸಮಯ ಹಿಡಿಯುವುದು. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಹೆಸರಿಗೆ ರಕ್ಷಣೆಯೇನೋ ಬಂದಿತು. ಆದರೂ ಯಂತ್ರದಿಂದ ಹೊಲಿದವು, ಬರಿಯ ಬಣ್ಣದಿಂದ ಅಚ್ಚೊತ್ತಿದವು ಅದೇ ಹೆಸರಿನಲ್ಲಿ ಅಂಗಡಿಗಳಲ್ಲಿ ತೂಗಾಡುತ್ತಿವೆ. ಪರೀಕ್ಷಿಸುವ ಉಪಾಯ ಸರಳ: ಬಟ್ಟೆಯ ಹಿಂಬದಿಯನ್ನು ನೋಡಬೇಕು. ಯಂತ್ರದ ಕೆಲಸದಲ್ಲಿ ಅಡಿಯ ದಾರವು ಬೇರೆಯೇ ಆಗಿ ಕಾಣುವುದು, ಒಂದು ಆಕೃತಿಯಿಂದ ಇನ್ನೊಂದಕ್ಕೆ ಜಿಗಿದ ಎಳೆಗಳ ತುದಿಗಳು ಉಳಿದಿರುವವು. ಅಚ್ಚಿನದಕ್ಕೆ ಹಿಂಬದಿಯೇ ಇರುವುದಿಲ್ಲ. ಮೆಂತೆಯ ಹಿಂಬದಿಯು ಬೇರೆಯಾಗಿರುವುದು ಸಹಜವಾದುದರಿಂದ ಅದನ್ನು ಕಂಡು ಕೈಗೆಲಸದವಳನ್ನು ಸಂಶಯಿಸಬಾರದು. ಗಂಟುಗಳಿಲ್ಲವೆಂಬುದನ್ನು ನೋಡಿದರೆ ಆಯಿತು.

ಮಗಳ ಮದುವೆಗೆ ಕೈಬಿಚ್ಚಿ ವೆಚ್ಚ ಮಾಡುವ ಗೃಹಸ್ಥನು, ಅದೇ ಮಗಳ ಸೀರೆಗೆ ಕಸೂತಿ ಹಾಕಿದಾಕೆಯ ಕೂಲಿಯಲ್ಲಿ ನೂರಿನ್ನೂರು ಮುರಿಯಲು ಅರ್ಧ ದಿನ ವಾದಿಸುವುದನ್ನು ಕಾಣಬಹುದು. ಗೆದ್ದೆನೆಂದು ಮನೆಗೆ ಬಂದು ಹೇಳಿಕೊಳ್ಳುವುದೂ ಉಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಆ ಅಕ್ಕಿಯನ್ನು ಯಾರಿಂದಲೂ ಕಿತ್ತುಕೊಂಡಿರಲಿಲ್ಲ, ನೆಲದ ಮೇಲೆ ಬಿದ್ದುದೇ ಆಗಿತ್ತು. ಕೂಲಿಯಿಂದ ಮುರಿದ ಹಣವಾದರೋ ಬಿದ್ದುದಲ್ಲ. ಒಬ್ಬಳ ಕಣ್ಣಿನ ಬೆಳಕಿನಿಂದ ತೆಗೆದುದು. ಲಕ್ಕಮ್ಮನ ಬಾಗಿಲಲ್ಲಿ ಅಂಥ ಗಂಟನ್ನು ಇಳಿಸುವ ಧೈರ್ಯ ಯಾರಿಗಿದ್ದೀತು? ಕೆಲಸವನ್ನು ಒಪ್ಪಿಸುವಾಗಲೇ ಬೆಲೆಯನ್ನು ನಿಶ್ಚಯಿಸಿ, ದಾರದ ಖರ್ಚನ್ನು ಮುಂಗಡವಾಗಿ ಕೊಟ್ಟು, ಉಳಿದುದನ್ನು ಸೀರೆ ಕೈಸೇರಿದ ದಿನವೇ ಸಲ್ಲಿಸುವ ಮನೆಗಳಿಲ್ಲದಿಲ್ಲ. ಅಂಥ ಮನೆಗಳಿಗೆ ಒಳ್ಳೆಯ ಕೆಲಸವೂ ದೊರೆಯುತ್ತದೆ. ಸ್ವತಃ ಒಂದು ಚೌಕಕ್ಕೆ ಮುರ್ಗಿಯ ನಾಲ್ಕು ಸಾಲು ಹಾಕಿ ಬೆನ್ನು ನೋಯಿಸಿಕೊಂಡವರು ಸಾಮಾನ್ಯವಾಗಿ ಚೌಕಾಸಿ ಮಾಡುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಕಸೂತಿಯ ಬಟ್ಟೆಯನ್ನು ಕಾಪಾಡುವ ಕ್ರಮವನ್ನೂ ತಿಳಿದಿರಬೇಕು. ಬಳಸುವ ಮೊದಲೇ ದಾರದ ತುಂಡೊಂದನ್ನು ಒದ್ದೆ ಮಾಡಿ ಬಿಳಿಯ ಬಟ್ಟೆಯಲ್ಲಿ ಒತ್ತಿ ನೋಡಿದರೆ ಬಣ್ಣ ಬಿಡುವುದೋ ಇಲ್ಲವೋ ತಿಳಿಯುವುದು. ವಿಶೇಷವಾಗಿ ಕೆಂಪು ದಾರವನ್ನು ಪರೀಕ್ಷಿಸದೆ ಬಳಸಬಾರದು. ಒಗೆಯುವುದಾದರೆ ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ, ಕುಕ್ಕದೆ, ಹಿಂಡದೆ. ಒಣಗಿಸುವುದು ನೆರಳಿನಲ್ಲಿ. ಇಸ್ತ್ರಿಯನ್ನು ಹಿಂಬದಿಯಿಂದ ಮಾಡಬೇಕು, ಅಡಿಯಲ್ಲಿ ಮೆತ್ತನೆಯ ಬಟ್ಟೆಯಿರಲಿ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಸೀರೆಯನ್ನು ಆಗಾಗ ತೆಗೆದು ಮಡಿಕೆಯನ್ನು ಬದಲಿಸಿ, ಒಣಗಿದ ಬೇವಿನೆಲೆಗಳನ್ನು ತೆಳುಬಟ್ಟೆಯಲ್ಲಿ ಕಟ್ಟಿ ನಡುವೆ ಇಡುವುದು.