ಪುಟ ಬಿಡುವ ಹೊತ್ತಿಲ್ಲದ ಡೆಸ್ಕಿನಲ್ಲಿ ಕಲಿತದ್ದು

ಕನ್ನಡ ದಿನಪತ್ರಿಕೆಯೊಂದರ ಮುದ್ರಣ ಡೆಸ್ಕಿನಲ್ಲಿ ಕೆಲಸ ಕಲಿತು, ಆಮೇಲೆ ಅದರ ವೆಬ್ ಡೆಸ್ಕಿಗೆ ಬಂದವನು ನಾನು. ಹೊಸದಾಗಿ ಸೇರುವ ಉಪಸಂಪಾದಕರ ಜೊತೆ ಕೂತಾಗ ಮತ್ತೆ ಮತ್ತೆ ಹೇಳುವ ಮಾತುಗಳು ಇವು.

1. ಎರಡನೆಯವರು ಓದದೆ ಸುದ್ದಿ ಹೋಗಬಾರದು

ಮುದ್ರಣದಲ್ಲಿ ಸುದ್ದಿಗೆ ಒಂದು ರಾತ್ರಿಯ ಬಿಡುವಿತ್ತು. ತಾಲ್ಲೂಕಿನಿಂದ ಬಂದ ವರದಿಯನ್ನು ಜಿಲ್ಲಾ ಕಚೇರಿ ನೋಡುತ್ತಿತ್ತು, ಉಪಸಂಪಾದಕ ತಿದ್ದುತ್ತಿದ್ದ, ಕರಡು ತಿದ್ದುವವರು ಊರಿನ ಹೆಸರು, ಇನಿಷಿಯಲ್, ಒತ್ತಕ್ಷರ ಗಮನಿಸುತ್ತಿದ್ದರು. ಪುಟ ಬಿಡುವ ಮೊದಲು ಮುಖ್ಯ ಉಪಸಂಪಾದಕರು ಪ್ರಿಂಟ್‌ಔಟ್ ಹರಡಿಕೊಂಡು, ‘ಲೀಡಿನಲ್ಲಿ ವಯಸ್ಸು 34 ಇದೆ, ಕೊನೇ ಪ್ಯಾರಾದಲ್ಲಿ 43. ಯಾವುದಪ್ಪಾ ಸರಿ?’ ಎಂದು ಕೇಳಿಯೇ ಕೇಳುತ್ತಿದ್ದರು. ವೆಬ್ ಕಿತ್ತುಕೊಂಡದ್ದು ಆ ರಾತ್ರಿಯನ್ನು. ಈಗ ಬರೆದವರೇ ತಿದ್ದಿ, ಚಿತ್ರ ಸೇರಿಸಿ, ಪ್ರಕಟಿಸಿ, ಓದುಗರ ಮೊಬೈಲಿಗೆ ನೋಟಿಫಿಕೇಷನ್ನನ್ನೂ ಕಳಿಸಿಬಿಡುತ್ತಾರೆ.

ಹೋದ ರಾತ್ರಿ ಮರಳಿ ಬರುವುದಿಲ್ಲ. ಅದರೊಳಗೆ ನಡೆಯುತ್ತಿದ್ದ ಕೆಲಸವನ್ನಾದರೂ ಉಳಿಸಿಕೊಳ್ಳಬೇಕು. ಸಾವು, ಗಲಭೆ, ಬಂಧನ, ಲೈಂಗಿಕ ದೌರ್ಜನ್ಯದ ಸುದ್ದಿಗಳನ್ನು ಪಕ್ಕದವರು ಓದಿದ ಮೇಲೆಯೇ ಲೈವ್ ಮಾಡಬೇಕು. ಸಂತ್ರಸ್ತೆಯ ಗುರುತು ಬಿಟ್ಟುಕೊಡುವ ಬೀದಿಯ ಹೆಸರೋ ಶಾಲೆಯ ಹೆಸರೋ ಬರೆದವರ ಕಣ್ಣಿಗೆ ಬೀಳದೆ ಹೋಗುತ್ತದೆ, ಪಕ್ಕದವರಿಗೆ ಥಟ್ಟನೆ ಕಾಣುತ್ತದೆ.

2. ಸಾವಿನ ಸುದ್ದಿಯಲ್ಲಿ ಮೊದಲಿಗರಾಗುವ ಆಸೆ ಬೇಡ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರನ್ನು ಆಸ್ಪತ್ರೆಗೆ ಕರೆತಂದ ಸುದ್ದಿ ಹಬ್ಬಿದ ಕೆಲ ಹೊತ್ತಿಗೇ ಟ್ವಿಟರ್‌ನಲ್ಲಿ ಸಂತಾಪ ಸೂಚಿಸುವ ಪೋಸ್ಟ್‌ಗಳು ಶುರುವಾಗಿದ್ದವು. ಆಸ್ಪತ್ರೆಯಿಂದ ಅಧಿಕೃತ ಪ್ರಕಟಣೆ ಬಂದದ್ದು ಆಮೇಲೆ. ನಡುವಿನ ಆ ಹೊತ್ತಿನಲ್ಲಿ ಡೆಸ್ಕಿನ ಮೇಲೆ ಬೀಳುವ ಒತ್ತಡ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ‘ಎಲ್ಲರೂ ಹಾಕಿದ್ದಾರೆ, ನಾವ್ಯಾಕೆ ಹಾಕಿಲ್ಲ’ ಎಂಬ ಫೋನ್ ಮೇಲಿನವರಿಂದಲೂ ಬರುತ್ತದೆ, ಓದುಗರಿಂದಲೂ ಬರುತ್ತದೆ. ಎಲ್ಲರೂ ಹಾಕಿದ್ದಾರೆ ಎನ್ನುವುದು ಮೂಲವಲ್ಲ. ವೈದ್ಯರು, ಕುಟುಂಬದವರು ಅಥವಾ ಹೊಣೆ ಹೊತ್ತ ಅಧಿಕಾರಿ ಬಾಯಿಬಿಡುವ ತನಕ ‘ಸ್ಥಿತಿ ಗಂಭೀರ’ ಎಂದಷ್ಟೇ ಬರೆಯಬೇಕು.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿಯಲಿ ಎಂದು ಆ ಸುದ್ದಿಯನ್ನು ತಡೆದು, ಆಮೇಲೆ ಪ್ರಕಟಿಸಲಾಯಿತು. ಮಕ್ಕಳು ಹಸಿದು ಎಲೆ ಬಿಟ್ಟು ಏಳಬಾರದು ಎಂಬ ಕಾರಣಕ್ಕೆ ಮಠ ಕಾಯಬಲ್ಲುದಾದರೆ, ಖಚಿತವಾಗಲಿ ಎಂಬ ಕಾರಣಕ್ಕೆ ನಾವೂ ಕಾಯಬಹುದು. ಕಾದದ್ದಕ್ಕೆ ಯಾವ ಓದುಗರೂ ಪತ್ರಿಕೆಯನ್ನು ಬಿಟ್ಟುಹೋದದ್ದನ್ನು ನಾನು ಕಂಡಿಲ್ಲ.

3. ವಿಡಿಯೊ ನಂಬುವ ಮೊದಲು ಅಲ್ಲಿನವರಿಗೆ ಫೋನ್ ಮಾಡಿ

ಮಳೆಗಾಲ ಬಂತೆಂದರೆ ಹಳೆಯ ಪ್ರವಾಹದ ವಿಡಿಯೊಗಳು ಹೊಸ ಊರಿನ ಹೆಸರು ಹೊತ್ತು ಬರುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಇಂಥ ದಿನ ‘ಡ್ಯಾಂ ಒಡೆದಿದೆ’ ಎಂಬ ಒಂದು ಸಾಲು ನದಿ ಪಾತ್ರದ ಊರುಗಳನ್ನೇ ಖಾಲಿ ಮಾಡಿಸಬಲ್ಲದು. ಗೇಟು ಹೋಗುವುದು ಬೇರೆ, ಅಣೆಕಟ್ಟೆ ಒಡೆಯುವುದು ಬೇರೆ. ಈ ವ್ಯತ್ಯಾಸ ತಲೆಬರಹದಲ್ಲೇ ಇರಬೇಕು.

ವಿಡಿಯೊ ಬಂದಾಗ ನಾನು ನೋಡುವ ಕ್ರಮ ಇಷ್ಟೇ. ತುಂಗಭದ್ರೆಗೆ 33 ಗೇಟುಗಳು. ದೃಶ್ಯದಲ್ಲಿ ನಾಲ್ಕೈದೇ ಕಂಡರೆ ಅದು ಯಾವ ಡ್ಯಾಮು ಎಂಬ ಅನುಮಾನ ಬರಬೇಕು. ಅಂಗಡಿ ಬೋರ್ಡಿನ ಲಿಪಿ ಯಾವುದು, ವಾಹನದ ನಂಬರ್ ಪ್ಲೇಟು ‘ಕೆಎ’ಯೋ ‘ಎಂಎಚ್’ಓ, ಹಿಂದೆ ಕೂಗುವ ದನಿ ಯಾವ ಸೀಮೆಯದು, ನೆರಳು ನೋಡಿದರೆ ಯಾವ ಹೊತ್ತು? ಆಮೇಲೆ ಒಂದು ಫ್ರೇಮು ತೆಗೆದು ಗೂಗಲ್‌ನಲ್ಲಿ ಚಿತ್ರ ಹುಡುಕಾಟ. ಇಷ್ಟಾದ ಮೇಲೂ ಹೊಸಪೇಟೆಯ ವರದಿಗಾರನಿಗೆ ಒಂದು ಫೋನ್. ಬಹಳಷ್ಟು ಸಲ ಆ ಫೋನ್ ಒಂದೇ ಸಾಕು.

4. ವದಂತಿ ಸುಳ್ಳು ಎನ್ನುವುದೂ ಸುದ್ದಿ

ಹಿಂದೆ ನಾವು ವದಂತಿಗಳನ್ನು ಮುಟ್ಟುತ್ತಿರಲಿಲ್ಲ. ಬರೆದರೆ ಇನ್ನಷ್ಟು ಹಬ್ಬುತ್ತದೆ ಎಂಬ ಅಂಜಿಕೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಶಂಕೆಯಿಂದ ಗುಂಪೊಂದು ಕಾರಿನಲ್ಲಿದ್ದವರ ಮೇಲೆ ಬಿದ್ದು, ಹೈದರಾಬಾದಿನ ಯುವಕನನ್ನು ಕೊಂದಿತು. ಕಾರಿನಲ್ಲಿದ್ದವರು ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು, ಅಷ್ಟೇ. ಸುಳ್ಳು ವಾಟ್ಸ್‌ಆ್ಯಪ್‌ನಲ್ಲಿ ಓಡಿತು. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ಪ್ರಕಟಿಸಿತು. ನಾವು ಸುಮ್ಮನಿದ್ದ ಮಾತ್ರಕ್ಕೆ ಸುಳ್ಳು ಸುಮ್ಮನಿರುವುದಿಲ್ಲ. ಎಸ್ಪಿಯವರ ಹೇಳಿಕೆಗೆ ಕಾಯದೆ, ಹಬ್ಬಿದ ದಿನವೇ ‘ಇದು ಸುಳ್ಳು’ ಎಂದು ತಲೆಬರಹದಲ್ಲೇ ಹೇಳಬೇಕು. ಪ್ರಶ್ನಾರ್ಥಕ ಚಿಹ್ನೆ ಹಾಕಿ ‘ಮಕ್ಕಳ ಕಳ್ಳರು ಬಂದಿದ್ದಾರೆಯೇ?’ ಎನ್ನುವುದು ಹೇಡಿತನ.

5. ಅಂಕಿ ನೋಡಿ, ಅದಕ್ಕೆ ಕೈಮುಗಿಯಬೇಡಿ

ಚಿನ್ನದ ದರ, ದಿನಭವಿಷ್ಯ, ಎಸ್ಸೆಸ್ಸೆಲ್ಸಿ ಫಲಿತಾಂಶ, ಕೆಆರ್‌ಎಸ್ ನೀರಿನ ಮಟ್ಟ: ಜನ ಹುಡುಕಿ ಬರುವುದು ಇವಕ್ಕೆ. ಕೊಡೋಣ, ಸರಿಯಾಗಿ ಕೊಡೋಣ. ಮಂಡ್ಯದ ರೈತನಿಗೆ 124.80 ಅಡಿಯ ಜಲಾಶಯದಲ್ಲಿ ಇವತ್ತು ಎಷ್ಟಿದೆ ಎನ್ನುವುದು ಮುಖಪುಟದ ರಾಜಕೀಯಕ್ಕಿಂತ ದೊಡ್ಡ ಸುದ್ದಿ. ಆದರೆ ಎಷ್ಟು ಜನ ಬಂದರು ಎಂಬ ಅಂಕಿಯನ್ನೇ ನೆಚ್ಚಿ ಕೂರಬೇಡಿ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್ ಬದಲಿಸಿ, ಸ್ನೇಹಿತರು ಮತ್ತು ಕುಟುಂಬದವರ ಪೋಸ್ಟ್‌ಗಳನ್ನು ಮುಂದಕ್ಕೆ ತಂದು, ಸುದ್ದಿತಾಣಗಳನ್ನು ಹಿಂದಕ್ಕೆ ತಳ್ಳಿತು. ಫೇಸ್‌ಬುಕ್‌ನಿಂದ ಬರುವ ಓದುಗರನ್ನೇ ನಂಬಿ ತಲೆಬರಹಗಳನ್ನು ಕೆಡಿಸಿಕೊಂಡವರಿಗೆ ಆ ಓದುಗರೂ ಉಳಿಯಲಿಲ್ಲ.

6. ಫಾಂಟು

ನುಡಿಯಲ್ಲೋ ಶ್ರೀಲಿಪಿಯಲ್ಲೋ ಬಂದ ಹಳೆಯ ಬಗೆಯ ಕಡತವನ್ನು ಯುನಿಕೋಡ್‌ಗೆ ತಿರುಗಿಸಿದ ಮೇಲೆ ಮತ್ತೊಮ್ಮೆ ಓದಿ. ಅರ್ಕಾವತ್ತು ಜಾಗ ತಪ್ಪಿರುತ್ತದೆ.

7. ತಾಲ್ಲೂಕಿನ ವರದಿಗಾರನನ್ನು ಉಳಿಸಿಕೊಳ್ಳಿ

ಮುದ್ರಣದಿಂದ ವೆಬ್‌ಗೆ ಬಂದ ಬದಲಾವಣೆಯ ಭಾರವೆಲ್ಲ ಬಿದ್ದಿರುವುದು ಅವನ ಮೇಲೆ. ಸಂಜೆ ಒಂದು ವರದಿ ಕಳಿಸಿದರೆ ಮುಗಿಯುತ್ತಿದ್ದ ಕೆಲಸ ಈಗ ಸ್ಥಳದಿಂದ ಎರಡು ಸಾಲು, ಫೋಟೊ, ಅಡ್ಡ ವಿಡಿಯೊ, ರೀಲ್ಸ್‌ಗೆ ಉದ್ದ ವಿಡಿಯೊ, ಫೇಸ್‌ಬುಕ್ ಲೈವ್, ಮತ್ತೆ ಸಂಜೆಗೆ ಮುದ್ರಣಕ್ಕೆ ವಿವರವಾದ ವರದಿ ಎಂದಾಗಿದೆ. ಗೌರವಧನ ಅಷ್ಟರಮಟ್ಟಿಗೆ ಏರಿಲ್ಲ. ಫೋನು, ಪೆಟ್ರೋಲು ಹೆಚ್ಚಾಗಿ ಅವನದೇ. ಬೆಂಗಳೂರಿನಲ್ಲಿ ಕೂತು ಟ್ವೀಟ್ ನೋಡಿ ಸುದ್ದಿ ಮಾಡುವ ಕೈಗಳು ಎಷ್ಟಿದ್ದರೂ, ಮೇಲೆ ಹೇಳಿದ ಆ ಒಂದು ಫೋನ್ ಎತ್ತಲು ಊರಲ್ಲಿ ಒಬ್ಬ ಬೇಕು. ಹಣ ಎಲ್ಲಿ ಹಾಕಬೇಕು ಎಂದು ಮಾಲೀಕರು ಕೇಳಿದರೆ ನನ್ನ ಉತ್ತರ ಇದೊಂದೇ.

8. ತಪ್ಪನ್ನು ಸದ್ದಿಲ್ಲದೆ ಅಳಿಸಬೇಡಿ

ಅಚ್ಚಾದ ತಪ್ಪಿಗೆ ಮಾರನೇ ದಿನ ‘ತಿದ್ದುಪಡಿ’ ಹಾಕುತ್ತಿದ್ದೆವು. ವೆಬ್‌ನಲ್ಲಿ ಯಾರಿಗೂ ತಿಳಿಯದಂತೆ ಬದಲಿಸಿಬಿಡಬಹುದು, ಆದರೆ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಹತ್ತು ಗುಂಪು ಸುತ್ತಿರುತ್ತದೆ. ಏನು ಬದಲಾಯಿತು, ಎಷ್ಟು ಗಂಟೆಗೆ ಎಂದು ಸುದ್ದಿಯ ಕೆಳಗೆ ಬರೆಯಿರಿ.

ಓದುಗರಿಗೂ ಒಂದು ಮಾತು. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಸುದ್ದಿತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಪ್ರಕಟಿಸಬೇಕು, ಬಂದ ದೂರನ್ನು 15 ದಿನಗಳೊಳಗೆ ಇತ್ಯರ್ಥಪಡಿಸಬೇಕು. ಸುಳ್ಳೋ ತಪ್ಪೋ ಕಂಡರೆ ಕಮೆಂಟಿನಲ್ಲಿ ಬೈದು ಬಿಡಬೇಡಿ. ಆ ವಿಳಾಸಕ್ಕೆ ಬರೆಯಿರಿ, ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ.