ಬಚ್ಚಲ ನೀರಿನ ಪಯಣ



ನಾವು ದಿನಾಲು ಸ್ನಾನ ಮಾಡುತ್ತೇವೆ, ಬಟ್ಟೆ ಒಗೆಯುತ್ತೇವೆ, ಪಾತ್ರೆ ತಿಕ್ಕುತ್ತೇವೆ. ಬಳಸಿದ ನೀರು ಬಚ್ಚಲಿನಿಂದ ಗಟಾರಕ್ಕೆ ಇಳಿದೊಡನೆ ಅದನ್ನು ಮರೆತುಬಿಡುತ್ತೇವೆ. ಆದರೆ ಆ ನೀರು ಮಾಯವಾಗುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆ, ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲು ಒಂದು ಲೆಕ್ಕ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂದು ಇಂಜಿನಿಯರರು ಹಿಡಿಯುತ್ತಾರೆ. ಅದರಲ್ಲಿ ಶೇಕಡಾ 80ರಷ್ಟು, ಎಂದರೆ 108 ಲೀಟರ್, ಕೊಳಚೆಯಾಗಿ ಹೊರಬೀಳುತ್ತದೆ. 2011ರ ಜನಗಣತಿಯಂತೆ ಸೊಲ್ಲಾಪುರದ ಜನಸಂಖ್ಯೆ ಸುಮಾರು 9 ಲಕ್ಷ 51 ಸಾವಿರ. ಗುಣಿಸಿ ನೋಡಿದರೆ ದಿನಕ್ಕೆ 10 ಕೋಟಿ ಲೀಟರಿಗೂ ಹೆಚ್ಚಾಗುತ್ತದೆ. 40 ಸಾವಿರ ಜನರ ಅಕ್ಕಲಕೋಟಕ್ಕೆ ಇದೇ ಲೆಕ್ಕ ಹಾಕಿದರೆ 43 ಲಕ್ಷ ಲೀಟರ್. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರ ಬಳಕೆ ಇದರ ಮೇಲೆ.

ಸೊಲ್ಲಾಪುರದ ನೀರು ಹಳ್ಳಗಳ ಮೂಲಕ ಸೀನಾ ನದಿಗೆ ಇಳಿಯುತ್ತದೆ. ಸೀನೆಯು ಹತ್ತರಸಂಗ ಕೂಡಲದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಅಕ್ಕಲಕೋಟ ತಾಲೂಕಿನ ಅಂಚಿನಲ್ಲಿ ಹರಿದು, ಅಫಜಲಪುರದ ಸೀಮೆ, ಗಾಣಗಾಪುರ ದಾಟಿ, ರಾಯಚೂರಿನ ಬಳಿ ಕೃಷ್ಣೆಯೊಂದಿಗೆ ಬೆರೆಯುತ್ತದೆ. ಕೊನೆಗೆ ಆಂಧ್ರದ ಹಂಸಲದೀವಿಯ ಹತ್ತಿರ ಸಮುದ್ರ ಸೇರುತ್ತದೆ. ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ಅಂಥ ಸ್ಥಳವನ್ನು ಅಳಿವೆ ಎನ್ನುತ್ತಾರೆ.

ಕೊಳಚೆಯಿಂದ ನದಿಗೆ ಆಗುವ ಹಾನಿ ಏನು? ಬೇಸಿಗೆಯ ದಿನ ಒಂದು ಲೀಟರ್ ಹೊಳೆನೀರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗಿರಬಲ್ಲದು. ಮೀನುಗಳು ಉಸಿರಾಡುವುದು ಅದನ್ನೇ. ಆದರೆ ಒಂದು ಲೀಟರ್ ಕೊಳಚೆಯನ್ನು ಕೊಳೆಸಿ ಮುಗಿಸಲು ಸೂಕ್ಷ್ಮಜೀವಿಗಳಿಗೆ 200 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕ ಬೇಕು. ಹೊಳೆಯಲ್ಲಿ ನೀರು ಕಡಿಮೆಯಿದ್ದಾಗ ಇದ್ದ ಆಮ್ಲಜನಕವೆಲ್ಲ ಖರ್ಚಾಗಿ ಮೀನು ಸಾಯುತ್ತವೆ, ನೀರು ನಾರುತ್ತದೆ. ಕಾಲರಾ, ವಿಷಮಜ್ವರಗಳ ರೋಗಾಣುಗಳೂ ಇಂಥ ನೀರಿನಿಂದಲೇ ಹರಡುತ್ತವೆ.

ಇದನ್ನು ತಡೆಯಲು ಶುದ್ಧೀಕರಣ ಕೇಂದ್ರಗಳಿವೆ. ಸೊಲ್ಲಾಪುರದ ದೇಗಾವದಲ್ಲಿ ಇಂಥದೊಂದು ದೊಡ್ಡ ಕೇಂದ್ರವಿದೆ. ಸಾಮಾನ್ಯವಾಗಿ ಈ ಕೇಂದ್ರಗಳಲ್ಲಿ ಮೊದಲು ಜಾಲರಿಯು ಚಿಂದಿ, ಪ್ಲಾಸ್ಟಿಕ್ಕುಗಳನ್ನು ತಡೆಯುತ್ತದೆ. ಬಳಿಕ ಮರಳು ತಳಕ್ಕೆ ಕೂಡುತ್ತದೆ. ಮುಂದೆ ದೊಡ್ಡ ತೊಟ್ಟಿಯಲ್ಲಿ ಗಾಳಿ ಊದುತ್ತಾರೆ. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಬೆಳೆದು, ಕೆಸರಾಗಿ ತಳ ಸೇರುತ್ತವೆ. ಆ ಕೆಸರಿನಲ್ಲಿ ಒಂದು ಪಾಲನ್ನು ಮತ್ತೆ ಹೊಸ ಕೊಳಚೆಗೆ ಬೆರೆಸುತ್ತಾರೆ. ಅವ್ವ ಮೊಸರಿನ ಹೆಪ್ಪನ್ನು ಉಳಿಸಿ ನಾಳಿನ ಹಾಲಿಗೆ ಹಾಕುವಂತೆಯೇ ಇದು! ಈ ಉಪಾಯವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಪ್ರಕಟಿಸಿದರು. ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದರಿಂದ ಕೆಲವೇ ಗಂಟೆಗಳಿಗೆ ಇಳಿಯಿತು.

ಮ್ಯಾಂಚೆಸ್ಟರ್ ಸೊಲ್ಲಾಪುರದಂತೆ ಬಟ್ಟೆ ಗಿರಣಿಗಳ ಊರಾಗಿತ್ತು. ಅದರ ನೀರು ಮರ್ಸಿ ನದಿಯ ಅಳಿವೆಯನ್ನು ಸೇರುತ್ತದೆ. ಈ ಉಪಾಯ ಹುಟ್ಟಿದ ಊರಿನ ಕೆಳಗೇ ಆ ಅಳಿವೆ ಬಹುಕಾಲ ಹೊಲಸಾಗಿಯೇ ಇತ್ತು. 1985ರಿಂದ 25 ವರ್ಷ ಸರಕಾರ, ಕಾರಖಾನೆ, ಜನ ಎಲ್ಲರೂ ಕೂಡಿ ದುಡಿದರು; ಆ ಅವಧಿಯಲ್ಲೇ ಸಾಲ್ಮನ್ ಮೀನುಗಳು ಮರಳಿ ಬಂದವು. ವಿದ್ಯೆಯೊಂದಿದ್ದರೆ ಸಾಲದು, ಅದನ್ನು ನಡೆಸುವ ಮನಸ್ಸೂ ಬೇಕು ಎಂಬ ಪಾಠವನ್ನು ನಾವು ಇದರಿಂದ ಕಲಿಯಬೇಕು.

ಇನ್ನೊಂದು ಮಾತು. ಸೂಕ್ಷ್ಮಜೀವಿಗಳು ಕೊಳೆಯುವ ವಸ್ತುವನ್ನು ಮಾತ್ರ ತಿನ್ನಬಲ್ಲವು. ಚಾದರಿನ ಬಣ್ಣ, ಗಾಡಿಯ ಎಣ್ಣೆ, ಉಳಿದ ಔಷಧಿ, ಪ್ಲಾಸ್ಟಿಕ್ ಇವನ್ನು ಅರಗಿಸಿಕೊಳ್ಳುವುದು ಅವುಗಳಿಗೆ ಸುಲಭವಲ್ಲ. ಆದುದರಿಂದ ಇವನ್ನು ಗಟಾರಕ್ಕೆ ಬಿಡದಿರುವುದು ನಮ್ಮೆಲ್ಲರ ಕೆಲಸ.

ಅಕ್ಕಲಕೋಟದ ದರ್ಶನ ಮುಗಿಸಿ ಎಷ್ಟೋ ಜನ ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗು ಹಾಕುತ್ತಾರೆ. ಆ ಭೀಮೆಯಲ್ಲಿ ಸೊಲ್ಲಾಪುರದ ಬಚ್ಚಲ ನೀರಿನ ಪಾಲೂ ಇದೆ. ಕೆಳಗಿನ ಊರುಗಳಲ್ಲಿರುವವರು ನಮ್ಮ ಬಂಧುಗಳು, ಬೀಗರು. ಮೇಲಿರುವ ನಾವು ಎಂಥ ನೀರು ಬಿಟ್ಟರೆ ಅಂಥದೇ ಅವರ ಪಾಲಿಗೆ ಬರುತ್ತದೆ ಎಂಬುದನ್ನು ಮರೆಯದಿರೋಣ.