ಬಣ್ಣ ಕಾಗದದಲ್ಲಿರಲಿ, ತಿಂಡಿಯಲ್ಲಿ ಬೇಡ
(ಪ್ರೇಮಿಗಳ ದಿನಕ್ಕೆ ಚಿಕ್ಕಿಯ ಲಕೋಟೆ ಮಾಡುವ ಪಾಠ)



ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚಿ ಸುಮಾರು ಒಂದು ತಿಂಗಳಿಗೆ ಫೆಬ್ರವರಿ 14 ಬರುತ್ತದೆ. ಇದು ನಮ್ಮ ಹಬ್ಬವಲ್ಲ, ನಮಗೇಕೆ ಎಂದು ಹಿರಿಯರು ಕೇಳುತ್ತಾರೆ. ಆದರೆ ಅಂದು ಸಂಜೆ ನಮ್ಮ ಗಲ್ಲಾದ ಎದುರು ನಿಲ್ಲುವವರು ನಮ್ಮ ಗಿರಾಕಿಗಳೇ. ಘಾಟ್ಕೋಪರಿಗೆ 2014ರ ಜೂನ್‌ನಲ್ಲಿ ಮೆಟ್ರೋ ಬಂದ ಮೇಲೆ ಅಂಧೇರಿ ಕಡೆಯಿಂದ ಇಳಿದು ಲೋಕಲ್ ಹಿಡಿಯುವ ಯುವಕರ ಸಂಖ್ಯೆ ಹೆಚ್ಚಾಗಿದೆ. ಪಕ್ಕದ ವಿದ್ಯಾವಿಹಾರದ ಕಾಲೇಜು ಮಕ್ಕಳೂ ಇದ್ದಾರೆ. ಅವರು ಕಾಫಿ ನಮ್ಮಲ್ಲಿ ಕುಡಿದು, ಉಡುಗೊರೆ ಮಾತ್ರ ಬೇರೆ ಅಂಗಡಿಯಲ್ಲಿ ಕೊಳ್ಳುತ್ತಾರೆ.

ಸಿಹಿಯನ್ನು ಚೆಂದದ ಕಾಗದದಲ್ಲಿ ಕೊಡುವ ಈ ವ್ಯಾಪಾರ ಹಳೆಯದು. ಇಂಗ್ಲೆಂಡಿನ ರಿಚರ್ಡ್ ಕ್ಯಾಡ್ಬರಿ ಎಂಬವರು 1860ರ ದಶಕದಲ್ಲೇ ಹೃದಯದ ಆಕಾರದ ಪೆಟ್ಟಿಗೆಯಲ್ಲಿ ಚಾಕಲೇಟು ತುಂಬಿ ಮಾರಿದರು. ತಿಂಡಿ ಮುಗಿದ ಮೇಲೂ ಜನ ಆ ಪೆಟ್ಟಿಗೆಯನ್ನು ಬಿಸಾಡದೆ ಕಾಗದ ಪತ್ರ ಇಡಲು ಬಳಸುತ್ತಿದ್ದರು. ನಾವು ಕಲಿಯಬೇಕಾದದ್ದು ಇಷ್ಟೇ: ಅಲಂಕಾರ ಹೊರಗಿನ ಕಾಗದಕ್ಕೆ, ಶುದ್ಧಿ ಒಳಗಿನ ತಿಂಡಿಗೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪ್ರೇಮಿಗಳ ದಿನ ಅಂದರೆ ಕೆಂಪು ಬಣ್ಣ. ತಿಂಡಿಯನ್ನೇ ಕೆಂಪು ಮಾಡಲು ಹೊರಟರೆ ಮೂರು ತೊಂದರೆಗಳಿವೆ.

ಮೊದಲನೆಯದು, ವಿಷ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣ ಸಿಕ್ಕಿತೆಂದು 2024ರ ಫೆಬ್ರವರಿಯಲ್ಲಿ ಪುದುಚೇರಿ ಮತ್ತು ತಮಿಳುನಾಡು ಸರಕಾರಗಳು ಬೊಂಬಾಯಿ ಮಿಠಾಯಿಯನ್ನೇ ನಿಷೇಧಿಸಿದವು. ಮಾರ್ಚಿನಲ್ಲಿ ಕರ್ನಾಟಕ ಸರಕಾರ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಲ್ಲಿಸಿತು. ಅನುಮತಿ ಇರುವ ಕೃತಕ ಬಣ್ಣಕ್ಕೂ ಮಿತಿ ಇದೆ: ಒಂದು ಕಿಲೋ ತಿಂಡಿಗೆ 100 ಮಿಲಿಗ್ರಾಂ. ಚಿಟಿಕೆ ಲೆಕ್ಕದಲ್ಲಿ ಹಾಕುವ ನಮ್ಮ ಭಟ್ಟರಿಗೆ ಇದನ್ನು ಅಳೆಯಲು ಆಗುವುದಿಲ್ಲ.

ಎರಡನೆಯದು, ಹುಳ. ಕಾರ್ಮೈನ್ ಅಥವಾ 120 ಎಂದು ಲೇಬಲ್‌ನಲ್ಲಿ ಬರೆದಿರುವ ಕೆಂಪು ಬಣ್ಣವನ್ನು ಒಂದು ಬಗೆಯ ಕೀಟದಿಂದ ತೆಗೆಯುತ್ತಾರೆ. ಮೆತ್ತಗಿನ ಜೆಲ್ಲಿ ಮಿಠಾಯಿಗಳಲ್ಲಿ ಹೆಚ್ಚಾಗಿ ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ ಜೆಲಾಟಿನ್ ಇರುತ್ತದೆ. ಶುದ್ಧ ಶಾಕಾಹಾರಿ ಎಂದು ಬೋರ್ಡು ಹಾಕಿದ ನಾವು ಇವನ್ನು ಕೈಯಿಂದ ಮುಟ್ಟಲೂ ಬಾರದು.

ಮೂರನೆಯದು, ಗಡ್ಡೆ. ಬಣ್ಣಕ್ಕೆ ಬೀಟ್‌ರೂಟ್ ರಸ ಹಾಕೋಣ ಎಂದು ನೀವು ಹೇಳಬಹುದು. ಘಾಟ್ಕೋಪರಿನಲ್ಲಿ ಗುಜರಾತಿ, ಮಾರವಾಡಿ ಜೈನರು ನಮ್ಮ ಬಹಳ ದೊಡ್ಡ ಗಿರಾಕಿಗಳು. ಈರುಳ್ಳಿ, ಬಟಾಟೆಯಂತೆ ಬೀಟ್‌ರೂಟನ್ನೂ ಅವರು ತಿನ್ನುವುದಿಲ್ಲ. ಜೇನನ್ನೂ ಬಿಡುತ್ತಾರೆ. ಜೈನ ಪಾವ್‌ಭಾಜಿ ಬೇರೆ ಮಾಡಿ ಗಳಿಸಿದ ನಂಬಿಕೆಯನ್ನು ಒಂದು ಮಿಠಾಯಿಗಾಗಿ ಕಳೆಯಬೇಕೇ?

ಆದ್ದರಿಂದ ನಾವು ಬಣ್ಣವಿಲ್ಲದ ನೆಲಗಡಲೆ ಚಿಕ್ಕಿಯನ್ನು ಆರಿಸಿದ್ದೇವೆ. ನೆಲಗಡಲೆ ಮಣ್ಣಿನೊಳಗೆ ಆದರೂ ಗಡ್ಡೆಯಲ್ಲ, ಬೀಜ. ಹೆಚ್ಚಿನ ಜೈನರು ತಿನ್ನುತ್ತಾರೆ. ಮುಂಬಯಿಯವರಿಗೆ ಲೋಣಾವಳದಿಂದಾಗಿ ಚಿಕ್ಕಿ ಪರಿಚಯದ ತಿಂಡಿ. ಒಣ ತಿಂಡಿಯಾದ್ದರಿಂದ ಬರ್ಫಿ, ಪೇಡೆಗಳಂತೆ ಬೇಗ ಕೆಡುವುದಿಲ್ಲ.

ಚಿಕ್ಕಿ ಮಾಡುವ ಕ್ರಮ

ಬೇಕಾಗುವುದು: ನೆಲಗಡಲೆ ಅರ್ಧ ಕಿಲೋ, ಬೆಲ್ಲ 400 ಗ್ರಾಂ, ತುಪ್ಪ ಎರಡು ಚಮಚ.

1. ನೆಲಗಡಲೆಯನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೆಗೆದು, ಎರಡು ಬೇಳೆಯಾಗಿ ಒಡೆದಿಡಿ. ಕಪ್ಪಾದದ್ದು, ಬೂಸ್ಟು ಹಿಡಿದದ್ದು ಒಂದೂ ಇರಬಾರದು.

2. ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ ಸೋಸಿ. ಕಲ್ಲು, ಕಸ ಇಲ್ಲೇ ಹೋಗಬೇಕು.

3. ಸೋಸಿದ ಬೆಲ್ಲಕ್ಕೆ ತುಪ್ಪ ಹಾಕಿ ಪಾಕ ಬರಿಸಿ. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ತೆಗೆದು ಮುರಿಯಿರಿ. ಬಾಗಿದರೆ ಪಾಕ ಸಾಲದು. ಟಕ್ಕೆಂದು ಮುರಿದರೆ ಸರಿ. ಕೂಡಲೇ ಉರಿ ಆರಿಸಿ ನೆಲಗಡಲೆ ಸುರಿದು ತಿರುವಿ.

4. ತುಪ್ಪ ಸವರಿದ ಕಲ್ಲಿನ ಮೇಲೆ ಹಾಕಿ ತೆಳ್ಳಗೆ ಲಟ್ಟಿಸಿ, ಬಿಸಿ ಇರುವಾಗಲೇ ನಾಲ್ಕು ಸೆಂಟಿಮೀಟರಿನ ಚೌಕ ಕತ್ತರಿಸಿ. ಸುಮಾರು 50 ತುಂಡುಗಳಾಗುತ್ತವೆ. ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಿಸಿ ಚಿಕ್ಕಿಯನ್ನು ಕಟ್ಟಿದರೆ ಬೆವತು ಅಂಟಾಗುತ್ತದೆ.

ಲಕೋಟೆ ಮಾಡುವ ಕ್ರಮ

1. ದಪ್ಪ ಕೆಂಪು ಕಾಗದವನ್ನು ತನ್ನಿ. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಕಾಗದ ಬೇಡ.

2. ರಟ್ಟಿನಲ್ಲಿ 20 ಸೆಂಟಿಮೀಟರ್ ಅಗಲದ ಹೃದಯದ ಅಚ್ಚು ಮಾಡಿ. ಅದನ್ನಿಟ್ಟು ಗೆರೆ ಎಳೆದು ಕಾಗದ ಕತ್ತರಿಸಿ.

3. ಹೃದಯದ ಚೂಪು ತುದಿ ಮೇಲೆ ಬರುವಂತೆ ಮೇಜಿನ ಮೇಲಿಡಿ. ಎಡ, ಬಲ ಬದಿಗಳನ್ನು ಐದೈದು ಸೆಂಟಿಮೀಟರ್ ಒಳಕ್ಕೆ ಮಡಚಿ. ಕೆಳಗಿನ ಉರುಟು ಭಾಗವನ್ನು ಮೇಲಕ್ಕೆ ಮಡಚಿ. ಅದು ಬದಿಗಳ ಮೇಲೆ ಕೂರುವಲ್ಲಿ ಮಾತ್ರ ತುಸು ಗೋಂದು ಹಚ್ಚಿ. ಮೇಲಿನ ಚೂಪು ತುದಿಯೇ ಲಕೋಟೆಯ ಮುಚ್ಚಳ.

4. ಆಹಾರಕ್ಕೆಂದೇ ಬರುವ ಬಟರ್ ಪೇಪರಿನಲ್ಲಿ ನಾಲ್ಕು ತುಂಡು ಚಿಕ್ಕಿಯನ್ನು, ಎರಡರ ಮೇಲೆ ಎರಡರಂತೆ, ಪೂರ್ತಿ ಸುತ್ತಿ, ಗೋಂದು ಒಣಗಿದ ಮೇಲೆ ಲಕೋಟೆಯಲ್ಲಿಡಿ. ಮುಚ್ಚಳಕ್ಕೆ ಸ್ಟಿಕ್ಕರ್ ಅಂಟಿಸಿ.

ಸ್ಟೇಪ್ಲರ್ ಪಿನ್ ಖಂಡಿತ ಬೇಡ. ಕತ್ತಲೆಯಲ್ಲಿ, ರೈಲಿನಲ್ಲಿ ಹರಿದು ತಿನ್ನುವಾಗ ಪಿನ್ ಬಾಯಿಗೆ ಹೋಗುತ್ತದೆ. ಮಿನುಗುವ ಪುಡಿಯೂ ಬೇಡ. ಒಳಗೆ ನ್ಯೂಸ್ ಪೇಪರ್ ತುಂಡು ಸಹ ಬೇಡ; ಮುದ್ರಣದ ಶಾಯಿ ತಿಂಡಿಗೆ ಹತ್ತುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ, 2018ರ ನಿಯಮದಲ್ಲಿ ನಿಷೇಧಿಸಿದೆ. ಸಿಹಿ ಪೆಟ್ಟಿಗೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆ ಮತ್ತು ಮಿಠಾಯಿಯ ಪ್ಲಾಸ್ಟಿಕ್ ಕಡ್ಡಿ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಕಾಗದಕ್ಕೆ ಈಗ ಒಳ್ಳೆಯ ಕಾಲ.

ಲೇಬಲ್ ಮತ್ತು ಲೆಕ್ಕ

ಮೊದಲೇ ಕಟ್ಟಿಟ್ಟು ಮಾರುವ ತಿಂಡಿಗೆ ಲೇಬಲ್ ಬೇಕೇ ಬೇಕು: ತಿಂಡಿಯ ಹೆಸರು, ಹಾಕಿದ ಸಾಮಾನು, ತೂಕ, ಬೆಲೆ, ಮಾಡಿದ ತಾರೀಕು, ಯಾವಾಗಿನವರೆಗೆ ತಿನ್ನಬಹುದು, ಬ್ಯಾಚ್ ನಂಬರ್, ಹಸಿರು ಚುಕ್ಕೆ, ಹೋಟೇಲಿನ ಹೆಸರು ವಿಳಾಸ ಮತ್ತು 14 ಅಂಕಿಯ ಲೈಸೆನ್ಸ್ ನಂಬರ್. ನೆಲಗಡಲೆ ಇದೆ ಎಂಬುದನ್ನು ಎದ್ದು ಕಾಣುವಂತೆ ಬರೆಯಿರಿ. ಕೆಲವರಿಗೆ ಅದು ಆಗುವುದಿಲ್ಲ, ಉಸಿರೇ ಕಟ್ಟಬಹುದು. ನಾವು 15 ದಿನದ ಅವಧಿ ಹಾಕುತ್ತೇವೆ. ನಿಮ್ಮ ಲೈಸೆನ್ಸಿನಲ್ಲಿ ಸಿಹಿತಿಂಡಿ ತಯಾರಿಕೆ ಸೇರಿದೆಯೇ ಎಂದು ಮೊದಲು ನೋಡಿಕೊಳ್ಳಿ.

ಬೆಲೆ ಇಡುವಾಗ ನೆಲಗಡಲೆ, ಬೆಲ್ಲ ಮಾತ್ರ ಲೆಕ್ಕ ಹಾಕಿದರೆ ನಷ್ಟ. ಗ್ಯಾಸ್, ಕಾಗದ, ಲೇಬಲ್, ಕೈಕೂಲಿ ಎಲ್ಲ ಸೇರಿಸಿ. ಮೇಲಿನ ಅಳತೆಗೆ 12 ಲಕೋಟೆ ಎಂದು ಹಿಡಿಯಿರಿ, ಉಳಿದ ತುಂಡು ರುಚಿ ನೋಡಲು ಗಲ್ಲಾದ ಮೇಲಿರಲಿ. ಮೊದಲ ವರ್ಷ 50 ಲಕೋಟೆಗಿಂತ ಹೆಚ್ಚು ಬೇಡ. ಹದಿನೈದನೇ ತಾರೀಕಿಗೆ ಹೃದಯದ ಲಕೋಟೆ ಯಾರಿಗೂ ಬೇಡ; ಆದರೆ ಒಳಗಿನ ಚಿಕ್ಕಿ ಮಾರಾಟವಾಗುತ್ತದೆ. ಕೆಂಪು ಬಣ್ಣದ ಮಿಠಾಯಿಯಾಗಿದ್ದರೆ ಎಲ್ಲವೂ ಕಸದ ಡಬ್ಬಿಗೆ.

ಕಾಗದ ಮಡಚುವ ಕೆಲಸಕ್ಕೆ ಮಧ್ಯಾಹ್ನ ಮೂರರಿಂದ ಐದರ ಹೊತ್ತು ಒಳ್ಳೆಯದು. ಆದರೆ ಅದು ನಮ್ಮ ಹುಡುಗರ ವಿಶ್ರಾಂತಿಯ ಹೊತ್ತು. ಒತ್ತಾಯ ಮಾಡಬೇಡಿ, ಮಾಡಿದವರಿಗೆ ಲಕೋಟೆಗೆ ಇಷ್ಟು ಎಂದು ಬೇರೆ ದುಡ್ಡು ಕೊಡಿ. ಕಾಗದದ ಕೆಲಸ ಹೊರಗಿನ ಮೇಜಿನಲ್ಲಿ, ತಿಂಡಿಯ ಕೆಲಸ ಕಿಚನಿನಲ್ಲಿ ನಡೆಯಲಿ. ಗೋಂದಿನ ಕೈ ಚಿಕ್ಕಿಗೆ ತಾಗಬಾರದು.

ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಇಲ್ಲಿ ದುಡಿಯುವವರು ನಮ್ಮಲ್ಲಿ ಬಹಳ ಮಂದಿ. ಊರಿಗೆ ಹೋಗುವವರ ಕೈಯಲ್ಲಿ ಕಳಿಸಲು ಅವರಿಗೆ ಒಂದೊಂದು ಲಕೋಟೆ ಪುಕ್ಕಟೆ ಕೊಡಿ. ಪ್ರೀತಿ ಕಾಲೇಜು ಮಕ್ಕಳ ಸೊತ್ತು ಮಾತ್ರವಲ್ಲ.

ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ನಮ್ಮ ಹೋಟೇಲು ಉದಾಹರಣೆ ಆಗದಿರಲಿ. ಲಕೋಟೆ ಹರಿದು ಹೋಗುತ್ತದೆ; ತಿಂದವರ ನೆನಪಿನಲ್ಲಿ ಉಳಿಯುವುದು ಒಳಗಿನ ರುಚಿ ಮತ್ತು ನಮ್ಮ ಹೆಸರು.